‘ಮೆಟ್ರೊಪೊಲಿಸ್’ (2001): ಕಣ್ಣಿಗೆ ಹಬ್ಬ ಸರಿ, ಕಥೆ ಎಲ್ಲಿ?

ನಿಯಾನ್ ನೆರಳು

ರಿಂತಾರೊ ನಿರ್ದೇಶನದ ‘ಮೆಟ್ರೊಪೊಲಿಸ್’ ಬಗ್ಗೆ ಇನ್ನೊಂದು ಚರ್ಚೆಯ ನಡುವೆ ಜಗಳ ಹತ್ತಿಕೊಂಡಿತ್ತು. ಅಲ್ಲಿನವರಿಗೆ ಯಾಕೆ ತೊಂದರೆ ಅಂತ ಇಲ್ಲಿಗೆ ತಂದಿದ್ದೀನಿ. ಕ್ಲೈಮ್ಯಾಕ್ಸ್ ಸಮೇತ ಎಲ್ಲ ಬಿಚ್ಚಿ ಮಾತಾಡೋದಿದೆ, ನೋಡದೇ ಇರೋರು ನೋಡಿಕೊಂಡು ಬನ್ನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಜಪಾನಿನ ಮ್ಯಾಡ್‌ಹೌಸ್ ಸ್ಟುಡಿಯೊದ ಅನಿಮೇಷನ್ ಚಿತ್ರ. ಒಸಾಮು ತೆಜುಕಾ 1949ರಲ್ಲಿ ಬರೆದ ಮಂಗಾ, ಅಂದ್ರೆ ಜಪಾನಿ ಕಾಮಿಕ್ಸ್, ಇದರ ಮೂಲ. ಚಿತ್ರಕಥೆ ‘ಅಕಿರಾ’ ಮಾಡಿದ ಕತ್ಸುಹಿರೊ ಒಟೊಮೊ ಅವರದ್ದು. ಮೇಲೆ ಮುಗಿಲು ಮುಟ್ಟೋ ನಗರ, ಅಡಿಯಲ್ಲಿ ಮೂರು ಪಾತಾಳ. ಮೊದಲನೇದರಲ್ಲಿ ರೋಬಾಟ್‌ಗಳಿಂದ ಕೆಲಸ ಕಳಕೊಂಡ ಬಡವರು, ಎರಡನೇದರಲ್ಲಿ ವಿದ್ಯುತ್ ಸ್ಥಾವರ, ಮೂರನೇದರಲ್ಲಿ ಕೊಳಚೆ. ಡ್ಯೂಕ್ ರೆಡ್ ಅನ್ನೋ ಪ್ರಭಾವಿ ಮನುಷ್ಯ ಜಿಗುರಾಟ್ ಅನ್ನೋ ಗೋಪುರ ಕಟ್ಟಿಸಿ, ಅದರ ಸಿಂಹಾಸನದಲ್ಲಿ ಕೂರಿಸೋದಕ್ಕೆ ತನ್ನ ಸತ್ತ ಮಗಳ ರೂಪದಲ್ಲೇ ಟಿಮಾ ಅನ್ನೋ ರೋಬಾಟ್ ಮಾಡಿಸ್ತಾನೆ. ತಾನು ಯಂತ್ರ ಅನ್ನೋದು ಅವಳಿಗೇ ಗೊತ್ತಿಲ್ಲ. ಜಪಾನಿನಿಂದ ಬಂದ ಕೆನಿಚಿ ಅನ್ನೋ ಹುಡುಗನ ಕೈಗೆ ಸಿಕ್ತಾಳೆ. ಅಲ್ಲಿಂದ ಓಟ.

ನನ್ನ ವಾದ ಇಷ್ಟು: ಈ ಸಿನಿಮಾದಲ್ಲಿ ಊರೇ ಕಥೆ ಹೇಳುತ್ತೆ. ಮೇಲಿನ ನಗರದಲ್ಲಿ ಬೆಳಕು ಎಲ್ಲಿಂದ ಬರ್ತಿದೆ, ಕೆಳಗೆ ಎಲ್ಲಿಂದ ಬರ್ತಿದೆ ಅಂತ ಗಮನಿಸಿದ್ರೆ ಅರ್ಧ ಕಥೆ ಅಲ್ಲೇ ಸಿಗುತ್ತೆ. ಸಂಭಾಷಣೆಯಲ್ಲಿ ಹುಡುಕೋರಿಗೆ ಕಥೆ ತೆಳು ಅನ್ನಿಸೋದು ಸಹಜ.

ಕಥೆ ಬೇಕು

ಆ ಜಗಳದ ಇನ್ನೊಂದು ಪಾರ್ಟಿ ನಾನೇ. ಚಿತ್ರ ನೋಡೋಕೆ ಚೆನ್ನಾಗಿಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಎಲ್ಲಿ ಪಾಜ್ ಮಾಡಿದ್ರೂ ಆ ಫ್ರೇಮನ್ನ ಗೋಡೆಗೆ ಹಾಕಬಹುದು. ಪಾಜ್ ತೆಗೆದು ಓಡಿಸಿದಾಗಲೇ ತಾಪತ್ರಯ.

ಕೆನಿಚಿಗೆ ಏನು ಬೇಕು ಹೇಳಿ ನೋಡೋಣ. ಪತ್ತೇದಾರ ಬಾನ್ ಜೊತೆ ಬರ್ತಾನೆ, ಬೆಂಕಿಯಲ್ಲಿ ಟಿಮಾ ಸಿಕ್ತಾಳೆ, ಅವಳನ್ನ ಕಾಪಾಡ್ತಾನೆ. ಯಾಕೆ? ಒಳ್ಳೆ ಹುಡುಗ, ಅದಕ್ಕೆ. ಕೊನೆಗೆ ಗೋಪುರದ ತುದಿಯಲ್ಲಿ ಅವಳ ಕೈ ಹಿಡಿದು ಒದ್ದಾಡುವಾಗ ನಾನು ಅಳಬೇಕು ಅಂತ ನಿರ್ದೇಶಕರ ಲೆಕ್ಕ. ಅಷ್ಟು ಅಳೋದಕ್ಕೆ ಬೇಕಾದ ನಂಟು ಎಲ್ಲಿ ಬೆಳೀತು? ಒಂದಿಷ್ಟು ಓಡಿದ್ರು, ಒಂದಿಷ್ಟು ಬಚ್ಚಿಟ್ಕೊಂಡ್ರು, ಅವಳಿಗೆ ಅವನು ಮಾತು ಕಲಿಸಿದ. ಅಷ್ಟರಲ್ಲಿ ಇಬ್ಬರನ್ನೂ ಬೇರೆ ಮಾಡಿ, ಸಿನಿಮಾ ಸರ್ಕಾರ, ಸೇನೆ, ದಂಗೆ ಅಂತ ಬೇರೆ ಕಡೆಗೆ ಹೋಗಿಬಿಡುತ್ತೆ.

ಚೌಕಟ್ಟು ಚಿನ್ನದ್ದು, ಒಳಗಿನ ಫೋಟೊ ಮಸುಕು. ‘ಊರೇ ಕಥೆ’ ಅನ್ನೋದು ಈ ಮಸುಕಿಗೆ ಕೊಡೋ ಸಬೂಬು.

ಇನ್‌ಬಿಟ್ವೀನರ್

ಅನಿಮೇಷನ್ ಕೆಲಸ ಮಾಡೋಳು ನಾನು, ಅದಕ್ಕೆ ನನ್ನ ಕಣ್ಣು ಮೊದಲು ಹೋಗೋದೇ ಬೇರೆ ಕಡೆ. ಮೊದಲ ಪಾತಾಳಕ್ಕೆ ಕೆನಿಚಿ ಇಳಿದ ಮೇಲಿನ ಗುಂಪಿನ ದೃಶ್ಯಗಳನ್ನ ಮತ್ತೆ ಹಾಕಿ, ಕೆನಿಚಿಯನ್ನ ಬಿಟ್ಟು ಹಿಂದಿನವರನ್ನ ಮಾತ್ರ ನೋಡಿ. ಸಾಮಾನ್ಯವಾಗಿ ಗುಂಪು ಅಂದ್ರೆ ನಾವೇನು ಮಾಡ್ತೀವಿ? ನಾಲ್ಕೈದು ಜನರ ನಡಿಗೆಯ ಸೈಕಲ್ (ಅದೇ ಹೆಜ್ಜೆಗಳು ಮತ್ತೆ ಮತ್ತೆ ಬರೋ ಹಾಗೆ) ಮಾಡಿ, ಬಣ್ಣ ಬದಲಿಸಿ, ಹಿಂದೆಮುಂದೆ ಜೋಡಿಸಿ ಓಡಿಸ್ತೀವಿ. ಇನ್ನೂ ಹಣ ಕಡಿಮೆ ಇದ್ರೆ ಹಿಂದಿನವರು ನಿಂತೇ ಇರ್ತಾರೆ, ತುಟಿ ಮಾತ್ರ ಅಲ್ಲಾಡುತ್ತೆ. ಇಲ್ಲಿ ಒಬ್ಬ ಹೊರೆ ಹೊತ್ತು ವಾಲಿಕೊಂಡು ಹೋಗ್ತಾನೆ, ಇನ್ನೊಬ್ಬ ಪಕ್ಕದವನಿಗೆ ಜಾಗ ಬಿಡೋಕೆ ಭುಜ ತಿರುಗಿಸ್ತಾನೆ, ಮೂಲೆಯಲ್ಲಿ ಯಾರೋ ಸುಮ್ಮನೆ ನಿಂತು ನೋಡ್ತಿರ್ತಾರೆ. ಅವರಲ್ಲಿ ಯಾರಿಗೂ ಹೆಸರಿಲ್ಲ, ಕಥೆಯಲ್ಲಿ ಮತ್ತೆ ಬರೋದೂ ಇಲ್ಲ. ಹಾಗಿದ್ದೂ ಯಾರೋ ಕೂತು ಅವರನ್ನ ಕೈಯಲ್ಲಿ ಬರೆದಿದ್ದಾರೆ.

ಆದ್ರೆ ಪೂರಾ ಹೊಗಳೋಳಲ್ಲ ನಾನು. ಪಾತ್ರಗಳು ಕೈಬರಹ, ನಗರದ ಎಷ್ಟೋ ಭಾಗ ಕಂಪ್ಯೂಟರ್‌ನಲ್ಲಿ ಕಟ್ಟಿದ್ದು. ಕ್ಯಾಮೆರಾ ಕಟ್ಟಡಗಳ ಸಂದಿಯಲ್ಲಿ ಹಾರಿಕೊಂಡು ಹೋಗೋ ಕೆಲವು ಶಾಟ್‌ಗಳಲ್ಲಿ ಎರಡೂ ಒಂದಕ್ಕೊಂದು ಹೊಂದಲ್ಲ. ಗೋಡೆ ತೀರಾ ನುಣುಪು, ಮನುಷ್ಯ ತೀರಾ ಚಪ್ಪಟೆ, ಯಾರೋ ಮೇಲೆ ಅಂಟಿಸಿದ ಹಾಗೆ. ಕ್ಯಾಮೆರಾ ನಿಂತಾಗ ಈ ತೊಂದರೆ ಇಲ್ಲವೇ ಇಲ್ಲ. ಓಡಿದಾಗಲೇ ವಯಸ್ಸು ಕಾಣೋದು.

ಅರೆನಿದ್ದೆ

ಮಧ್ಯದಲ್ಲಿ ನಿದ್ದೆ ಬಂತು ಗುರು. ಎದ್ದಾಗ ಗೋಪುರ ಬೀಳ್ತಿತ್ತು, ಹಿಂದೆ ಯಾರೋ ಇಂಗ್ಲಿಷಲ್ಲಿ ಹಾಡ್ತಿದ್ರು. ಚಾನೆಲ್ ಬದಲಾಯ್ತೇನೋ ಅಂದ್ಕೊಂಡೆ.

ನಿಯಾನ್ ನೆರಳು

@ಅರೆನಿದ್ದೆ ಮಲಗಿದ್ರೂ ಸರಿಯಾದ ಜಾಗದಲ್ಲೇ ಎದ್ದಿದ್ದೀರಿ ಬಿಡಿ.

@ಇನ್‌ಬಿಟ್ವೀನರ್ ನುಣುಪಿನ ಮಾತು ಒಪ್ಪಿದೆ. ಆದ್ರೆ ಮೇಲಿನ ನಗರ ಹಾಗೆ ನುಣುಪಾಗಿ, ಮುಟ್ಟಿದ್ರೆ ಜಾರೋ ಹಾಗೆ ಇರೋದು ಕಥೆಗೆ ಒಪ್ಪುತ್ತಲ್ವಾ? ಕೆಳಗೆ ಇಳಿದಷ್ಟೂ ತುಕ್ಕು, ಕೊಳವೆ, ಹಬೆ. ಕೈಬರಹ ಹೆಚ್ಚಾಗ್ತಾ ಹೋಗುತ್ತೆ ಅನ್ಸುತ್ತೆ.

ಇನ್‌ಬಿಟ್ವೀನರ್

ಅದು ನೀವು ಅವರಿಗೆ ಕೊಡ್ತಿರೋ ರಿಯಾಯಿತಿ. ನಾನು ಅಷ್ಟು ದೂರ ಬರಲ್ಲ. 2001ರಲ್ಲಿ ಆ ಸಾಫ್ಟ್‌ವೇರ್‌ಗಳಿಂದ ಅಷ್ಟೇ ಆಗ್ತಿತ್ತು.

ಹಳೇ ಪುಟ

ಮೂಲ ಮಂಗಾ ಓದಿದವರು ಇಲ್ಲಿ ಯಾರೂ ಕಾಣ್ತಿಲ್ಲ, ಅದಕ್ಕೆ ಸ್ವಲ್ಪ ಹಿನ್ನೆಲೆ ಬರೀತೀನಿ. ಉದ್ದ ಆದ್ರೆ ಸಹಿಸ್ಕೊಳ್ಳಿ.

ಫ್ರಿಟ್ಜ್ ಲಾಂಗ್ 1927ರಲ್ಲಿ ಜರ್ಮನಿಯಲ್ಲಿ ಮಾಡಿದ ಮೂಕಿ ಚಿತ್ರದ ಹೆಸರೂ ಇದೇ. ಅದನ್ನೇ ಮತ್ತೆ ಮಾಡಿದ್ದಾರೆ ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಹಾಗಲ್ಲ. ಮಂಗಾ ಬರೆಯುವಾಗ ತೆಜುಕಾ ಆ ಸಿನಿಮಾ ನೋಡಿರಲಿಲ್ಲ. ಪತ್ರಿಕೆಯೊಂದರಲ್ಲಿ ಅದರ ಹೆಣ್ಣು ರೋಬಾಟ್‌ನ ಒಂದು ಸ್ಥಿರಚಿತ್ರ ಕಂಡಿದ್ರು, ಅಷ್ಟೇ. ಆ ಒಂದು ಚಿತ್ರದ ಬಲದ ಮೇಲೆ ತಮ್ಮದೇ ಕಥೆ ಕಟ್ಟಿದ್ರು. ಆಗ ಅವರಿಗಿನ್ನೂ ಇಪ್ಪತ್ತರ ಹರೆಯ.

ಮಂಗಾದಲ್ಲಿ ಟಿಮಾ ಇಲ್ಲವೇ ಇಲ್ಲ. ಅಲ್ಲಿರೋದು ಮಿಚಿ ಅನ್ನೋ ಕೃತಕ ಜೀವಿ. ಗಂಟಲಲ್ಲಿ ಒಂದು ಗುಂಡಿ, ಒತ್ತಿದ್ರೆ ಹುಡುಗ, ಇನ್ನೊಮ್ಮೆ ಒತ್ತಿದ್ರೆ ಹುಡುಗಿ. ಕೆಳಗಿನ ಬಡವರ ಬಸ್ತಿ, ಜಿಗುರಾಟ್ ಇವೆಲ್ಲ ಸಿನಿಮಾ ಸೇರಿಸಿದ್ದು. ಪಾತಾಳದಲ್ಲಿ ದುಡಿಯೋರು, ಮೇಲೆ ಉಳ್ಳವರು, ನಡುವೆ ಬೈಬಲ್ ಕಥೆಯ ಬಾಬೆಲ್ ಗೋಪುರ ಅನ್ನೋದು ಲಾಂಗ್ ಅವರ ಚಿತ್ರದಿಂದ ಬಂದಿದ್ದು. ಅಂದ್ರೆ ತೆಜುಕಾ ನೋಡದೇ ಬಿಟ್ಟ ಚಿತ್ರವನ್ನ ರಿಂತಾರೊ, ಒಟೊಮೊ ಇಬ್ಬರೂ ನೋಡಿ, ಅರ್ಧ ಶತಮಾನ ಆದ ಮೇಲೆ ಮಂಗಾಕ್ಕೆ ತಂದು ಕಟ್ಟಿದ್ದಾರೆ. ಈ ಸಿನಿಮಾ ಎರಡು ಕಡೆ ಎಳೆದಾಡಿದ ಹಾಗೆ ಕಾಣೋದು ಅದಕ್ಕೇ ಅಂತ ನನ್ನ ಅನಿಸಿಕೆ. ತೆಜುಕಾರ ಗುಂಡುಗುಂಡು ಮುಖದ, ದಪ್ಪ ಕಾಲಿನ ಮಕ್ಕಳ ಕಥೆ ಒಂದು ಕಡೆ, ಒಟೊಮೊ ಅವರ ದಂಗೆ, ರಾಜಕೀಯ, ಕುಸಿಯೋ ಕಾಂಕ್ರೀಟ್ ಇನ್ನೊಂದು ಕಡೆ.

ಇನ್ನೊಂದು ವಿಷಯ. ರಿಂತಾರೊ ತೆಜುಕಾರ ಮುಶಿ ಪ್ರೊಡಕ್ಷನ್‌ನಲ್ಲೇ ಪಳಗಿದವರು, 1963ರ ‘ಆಸ್ಟ್ರೊ ಬಾಯ್’ ಸರಣಿಗೆ ದುಡಿದವರು. ಮ್ಯಾಡ್‌ಹೌಸ್ ಕಟ್ಟಿದ್ದೂ ಮುಶಿಯಿಂದ ಹೊರಬಂದವರೇ, 1972ರಲ್ಲಿ. ತೆಜುಕಾ ತೀರಿಕೊಂಡಿದ್ದು 1989ರಲ್ಲಿ. ಗುರುವಿನ ಗೆರೆ ಮುಟ್ಟೋಕೆ ಶಿಷ್ಯರಿಗೆ ಅಳುಕು ಇದ್ದಿರಬೇಕು. ಮುಖಗಳನ್ನ ಹಾಗೇ ಬಿಟ್ಟು, ತಮ್ಮ ಕೈಚಳಕವನ್ನೆಲ್ಲ ಊರಿನ ಮೇಲೆ ತೋರಿಸಿದ್ದಾರೆ.

ಕಥೆ ಬೇಕು

@ಹಳೇ ಪುಟ ಒಳ್ಳೆ ಮಾಹಿತಿ ಸಾರ್, ಥ್ಯಾಂಕ್ಸ್. ಆದ್ರೆ ಇದು ನನ್ನ ವಾದಕ್ಕೇ ಬಲ ಕೊಡ್ತು. ಎಳೆದಾಡಿದ ಹಾಗೆ ಇದೆ ಅಂತ ನೀವೂ ಹೇಳ್ತಿದ್ದೀರಿ. ಕಾರಣ ಗೊತ್ತಾದ ಮಾತ್ರಕ್ಕೆ ನೋಡೋವಾಗಿನ ಬೇಸರ ಕಡಿಮೆ ಆಗುತ್ತಾ?

ಹಳೇ ಪುಟ

ಇಲ್ಲ. ನಿಮ್ಮ ಬೇಸರವನ್ನ ಬಗೆಹರಿಸೋಕೆ ಬರೆದಿದ್ದೂ ಅಲ್ಲ.

ಕಪ್ಪು ಕನ್ನಡಕ

ಎಲ್ಲಾರೂ ಕೆನಿಚಿ, ಟಿಮಾ ಅಂತ ಬಡದಾಡಾಕತ್ತೀರಿ, ರಾಕ್‌ನ ಮಾತ ಯಾರೂ ತಗದಿಲ್ಲ ನೋಡ್ರಿ. ಈ ಸಿನಿಮಾದ ನಾಯಕ ಅವನ. ನಾಯಕ ಅಂದ್ರ ಒಳ್ಳೆಯಂವ ಅಂತಲ್ಲ. ಗುಂಡು ಹೊಡಿತಾನ, ಬೆಂಕಿ ಹಚ್ತಾನ, ಮುದುಕ ವಿಜ್ಞಾನಿ ಲಾಟನ್‌ನ ಕೊಲ್ಲತಾನ. ಮಾರ್ಡುಕ್ ಅಂತ ರೋಬಾಟ್ ವಿರೋಧಿ ಪಡೆ ಕಟ್ಟಿಕೊಂಡು ಗಡಿ ದಾಟಿದ ಯಂತ್ರಗಳನ್ನ ಹಾದಿಯೊಳಗ ಸುಡತಾನ. ಆದ್ರ ಇಡೀ ಚಿತ್ರದಾಗ ಏನ ಬೇಕಂತ ಖರೇ ಗೊತ್ತಿದ್ದಂವ ಅವನೊಬ್ಬನ.

ಡ್ಯೂಕ್ ರೆಡ್ ಅವನ್ನ ಸಾಕ್ಯಾನ, ಮಗಾ ಅಂತ ಮಾತ್ರ ಒಪ್ಪಂಗಿಲ್ಲ. ಇವ ಬಾಯಿತುಂಬ ‘ಅಪ್ಪಾ’ ಅಂತಾನ, ಅಂವ ಹಂಗ ಕರೀಬ್ಯಾಡ ಅಂತ ಝಾಡಸ್ತಾನ. ಆವಾಗ ರಾಕ್‌ನ ಮಾರಿ ನೋಡ್ರಿ. ಕಪ್ಪು ಕನ್ನಡಕದ ಹಿಂದ ಏನೂ ಕಾಣಂಗಿಲ್ಲ, ಬಾಯಿ ಅಷ್ಟ ಸಣ್ಣಗ ಬಿಗೀತದ. ಸತ್ತ ಮಗಳ ಬೊಂಬೀಗೆ ಸಿಂಹಾಸನ, ಜೀವಂತ ಮಗನಿಗೆ ಬೈಗುಳ. ಇವನಿಗೆ ರೋಬಾಟ್ ಮ್ಯಾಲೆ ಸಿಟ್ಟ ಯಾಕ ಅಂತ ಬ್ಯಾರೆ ಹೇಳಬೇಕೇನ್ರಿ? ಕಡೀಕ ರೋಬಾಟ್‌ಗೋಳು ಡ್ಯೂಕ್‌ನ ಮುತ್ತಿದಾಗ, ಅವುಗಳ ಕೈಯಾಗ ನಮ್ಮಪ್ಪ ಸಾಯಬಾರದು ಅಂತ ಗೋಪುರಾನ ಸ್ಫೋಟ ಮಾಡೋ ಗುಂಡಿ ಒತ್ತತಾನ. ತಾನೂ ಹೋದ, ಅಪ್ಪನೂ ಹೋದ, ಊರೂ ಹೋತು.

ನನಗ ಅಲ್ಲೇ ಕಣ್ಣಾಗ ನೀರು ಬಂತು. ಕೆನಿಚಿ ಕೈ ಹಿಡದದ್ದಕ್ಕ ಅಲ್ಲ.

ನಿಯಾನ್ ನೆರಳು

ಹಳೇ ಪುಟ ಅವರೇ, ರಾಕ್ ಮಂಗಾದಲ್ಲಿ ಇದ್ದಾನಾ?

ಹಳೇ ಪುಟ

ಈ ಮಂಗಾದಲ್ಲಿ ಇಲ್ಲ. ತೆಜುಕಾರಿಗೆ ಒಂದು ಅಭ್ಯಾಸ ಇತ್ತು, ತಮ್ಮ ಪಾತ್ರಗಳನ್ನ ಸಿನಿಮಾ ಕಂಪನಿಯ ನಟರ ಹಾಗೆ ಬಳಸೋದು. ಇವತ್ತು ಈ ಕಥೆಯಲ್ಲಿ ಪತ್ತೇದಾರ, ನಾಳೆ ಇನ್ನೊಂದರಲ್ಲಿ ಮೇಷ್ಟ್ರು. ಮೀಸೆಯ ಬಾನ್ ಹಾಗೆ ತುಂಬ ಕಡೆ ಬರ್ತಾನೆ. ರಾಕ್ ಕೂಡ ಆ ಕಂಪನಿಯ ನಟನೇ, ಬೇರೆ ಕೃತಿಗಳಲ್ಲಿ ಇದ್ದಾನೆ. ‘ಮೆಟ್ರೊಪೊಲಿಸ್’ಗೆ ಅವನನ್ನ ಕರೆತಂದಿದ್ದು ಸಿನಿಮಾದವರು.

ನಿಯಾನ್ ನೆರಳು

ನೋಡಿ ಹಾಗಾದ್ರೆ. ಮೂಲದಲ್ಲಿ ಇಲ್ಲದವನನ್ನ ಬೇಕು ಅಂತಲೇ ಕರ್ಕೊಂಡು ಬಂದು, ಕೊನೆಯ ಗುಂಡಿಯನ್ನೂ ಅವನ ಕೈಗೇ ಕೊಟ್ಟಿದ್ದಾರೆ. ಕೆನಿಚಿಯನ್ನ ನೋಡೋದ್ರಲ್ಲೇ ನಾವು ರಾಕ್‌ನ ತಪ್ಪಿಸ್ಕೊಂಡ್ವಿ.

ಕಥೆ ಬೇಕು

ರಾಕ್ ವಿಷಯಕ್ಕೆ ನನ್ನ ತಕರಾರಿಲ್ಲ, ಅವನ ದೃಶ್ಯಗಳು ಗಟ್ಟಿ. ಆದ್ರೆ ಪೋಸ್ಟರಲ್ಲಿ, ಹಾಡಲ್ಲಿ, ಕೊನೆಯ ಹತ್ತು ನಿಮಿಷದಲ್ಲಿ ಚಿತ್ರ ನನ್ನ ಕಣ್ಣನ್ನ ಎಳೆಯೋದು ಕೆನಿಚಿ-ಟಿಮಾ ಕಡೆಗೇ. ‘ನೀನು ತಪ್ಪು ಮನುಷ್ಯನ್ನ ನೋಡಿದೆ’ ಅಂತ ನೋಡುಗನ ತಲೆಗೆ ಕಟ್ಟಬೇಡಿ.

ಮಳೆಬಿಲ್ಲು

ನನಗೆ ತೊಂದರೆ ಆಗಿದ್ದು ಟಿಮಾಳ ವಿಷಯದಲ್ಲಿ, ಅದೂ ಕಥೆ ತೆಳು ಅನ್ನೋ ಕಾರಣಕ್ಕಲ್ಲ. ಅವಳಿಗೆ ಒಂದೇ ಪ್ರಶ್ನೆ ಕೊಟ್ಟಿದ್ದಾರೆ, ನಾನು ಯಾರು ಅಂತ. ಉತ್ತರ ಕೊಡೋರು ಮಾತ್ರ ಸುತ್ತಲಿನ ಗಂಡಸರು. ಡ್ಯೂಕ್‌ಗೆ ಅವಳು ಸಿಂಹಾಸನದ ಕೀಲಿ, ರಾಕ್‌ಗೆ ಒಂದು ವಸ್ತು, ಕೆನಿಚಿಗೆ ಕಾಪಾಡಬೇಕಾದ ಹುಡುಗಿ. ಹೊಳೆಯೋ ಕೂದಲು, ಬೆಳಕಿನ ಕಂಬದ ನಡುವೆ ನಿಂತ ದೇವದೂತೆಯ ಹಾಗೆ ಅವಳನ್ನ ತೋರಿಸೋ ಶಾಟ್. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ನೋಡಿದವರಿಗೆಲ್ಲ ಅವಳು ಏನೋ ಆಗಿ ಕಾಣ್ತಾಳೆ, ಅವಳಿಗೆ ಏನು ಕಾಣ್ತು ಅಂತ ಕ್ಯಾಮೆರಾ ಕೇಳೋದೇ ಇಲ್ಲ.

ಗುಂಡು ಬಿದ್ದು ಚರ್ಮದ ಒಳಗಿನ ಯಂತ್ರ ಕಾಣಿಸಿದ ಕ್ಷಣದಲ್ಲಿ ಒಂದು ಆಶೆ ಮೂಡ್ತು, ಈಗಲಾದ್ರೂ ಅವಳ ಕಥೆ ಶುರುವಾಗುತ್ತೆ ಅಂತ. ತಕ್ಷಣ ಸಿಂಹಾಸನಕ್ಕೆ ಕೂರಿಸಿ, ತಂತಿ ಸುತ್ತಿ, ಮನುಷ್ಯಕುಲವನ್ನೇ ಮುಗಿಸೋ ಯಂತ್ರ ಮಾಡಿಬಿಟ್ರು. ದುಃಖ ಪಡೋಕೂ ಅವಳಿಗೆ ಪುರುಸೊತ್ತು ಕೊಡಲಿಲ್ಲ.

ಮಂಗಾದ ಮಿಚಿಗೆ ಗಂಟಲಲ್ಲಿ ಗುಂಡಿ ಅಂತ ಮೇಲೆ ಓದಿದ ಮೇಲೆ ಇನ್ನೂ ಹೊಟ್ಟೆ ಉರೀತು. ಎಷ್ಟು ವಿಚಿತ್ರ, ಎಷ್ಟು ಧೈರ್ಯದ ಕಲ್ಪನೆ! ಅದನ್ನ ಬಿಟ್ಟು ಈ ಮುಗ್ಧ ಹುಡುಗಿಯನ್ನ ಯಾಕೆ ತಂದ್ರು?

ಹಳೇ ಪುಟ

@ಮಳೆಬಿಲ್ಲು ಮೇಡಂ, ಮಿಚಿಯೂ ಕೊನೆಗೆ ರೋಬಾಟ್‌ಗಳ ಮುಂದಾಳಾಗಿ ಮನುಷ್ಯರ ಮೇಲೆ ತಿರುಗಿ ಬೀಳುತ್ತೆ, ಆಮೇಲೆ ಕರಗಿ ಸಾಯುತ್ತೆ. ಆದ್ರೆ ಒಂದು ವ್ಯತ್ಯಾಸ ಇದೆ. ಅದು ಸಿಟ್ಟಿಂದ ಎದ್ದು ಹೋಗುತ್ತೆ, ಟಿಮಾಳನ್ನ ಕೂರಿಸ್ತಾರೆ. ನಿಮ್ಮ ಮಾತು ಅಲ್ಲೇ ನಿಲ್ಲುತ್ತೆ ಅಂತ ಒಪ್ತೀನಿ.

ತೆರೆಮರೆ

ಎಲ್ಲರೂ ಪೆರೊವನ್ನ ಮರೆತುಬಿಟ್ರಲ್ಲ ಮಾರಾಯ್ರೆ.

ಬಾನ್‌ಗೆ ಸಹಾಯಕ್ಕೆ ಅಂತ ಪೊಲೀಸರು ಒಂದು ರೋಬಾಟ್ ಪತ್ತೇದಾರನನ್ನ ಕೊಡ್ತಾರೆ. ಅದಕ್ಕೆ ಉದ್ದ ನಂಬರ್ ಬಿಟ್ರೆ ಹೆಸರಿಲ್ಲ. ರೋಬಾಟ್‌ಗಳಿಗೆ ಮನುಷ್ಯರ ಹೆಸರು ಇಡುವ ಹಾಗಿಲ್ಲ ಅಂತ ಅದೇ ಹೇಳುತ್ತೆ. ಬಾನ್ ಸರಿ ಅಂತ ನಾಯಿಗೆ ಇಡುವಂಥ ಹೆಸರು ಇಡ್ತಾನೆ, ಪೆರೊ ಅಂತ. ಅದಕ್ಕೆ ಬೇಸರವೂ ಇಲ್ಲ, ಖುಷಿಯೂ ಇಲ್ಲ. ಕೋಟು ಹಾಕಿಕೊಂಡು ಅವನ ಹಿಂದೆ ಓಡಾಡ್ತದೆ.

ಮುಂದೆ ದಂಗೆ ಎದ್ದಾಗ ದಂಗೆಯ ಮುಂದಾಳು ಅಟ್ಲಾಸ್‌ನ ಗುಂಪಿಗೆ ಪೆರೊ ಎದುರಾಗ್ತದೆ. ಬಂದೂಕು ತೆಗೆಯೋದಿಲ್ಲ, ಓಡೋದಿಲ್ಲ. ಮಾತಾಡಿ ತಡೆಯೋಕೆ ನೋಡ್ತದೆ, ಮನುಷ್ಯರು ಹೀಗೆ ಹಿಂಸೆಗೆ ಇಳಿಯೋದು ಯಾಕೆ ಅಂತ ಕೇಳ್ತದೆ. ಅಟ್ಲಾಸ್ ಅದನ್ನ ಹೊಡೆದುರುಳಿಸ್ತಾನೆ. ಅಷ್ಟೇ. ಹಿನ್ನೆಲೆಯಲ್ಲಿ ಪಿಟೀಲು ಗಿಟೀಲು ಏನೂ ಎಳೆಯೋದಿಲ್ಲ, ಕಥೆ ಮುಂದಕ್ಕೆ ಹೋಗ್ತದೆ.

ಅಟ್ಲಾಸ್ ಕೆಟ್ಟವನಲ್ಲ ನೋಡಿ. ಹಸಿದವರ ಪರವಾಗಿ ಎದ್ದವನು. ತನ್ನ ಕೆಲಸ ಕಿತ್ತುಕೊಂಡವರು ಮೇಲೆ ಗೋಪುರದಲ್ಲಿ ಕೂತಿದ್ದಾರೆ ಅಂತ ಅವನಿಗೂ ಗೊತ್ತು. ಆದ್ರೆ ಕೈಗೆ ಸಿಗೋದು ಪೆರೊ. ಗೋಪುರದ ಮೇಲಿನವರು ದಂಗೆಯನ್ನೂ ತಮ್ಮ ಲೆಕ್ಕಕ್ಕೆ ಬಳಸ್ಕೊಂಡು, ಒಬ್ಬರನ್ನೊಬ್ಬರು ಮುಗಿಸ್ಕೊಂಡು, ಕೊನೆಗೆ ಹಿಮದ ಮೇಲೆ ಹೆಣಗಳು ಬಿದ್ದಿರ್ತವೆ. ಕಥೆ ಇಲ್ಲ ಅನ್ನೋರು ಈ ಇಪ್ಪತ್ತು ನಿಮಿಷದಲ್ಲಿ ಏನು ನೋಡಿದ್ರಿ?

ಕಥೆ ಬೇಕು

@ತೆರೆಮರೆ ಪೆರೊ ಸತ್ತಿದ್ದು ನನಗೂ ನೆನಪಿದೆ, ಚೆನ್ನಾಗಿತ್ತು. ನಾನು ಕಥೆ ಇಲ್ಲ ಅಂತ ಹೇಳ್ತಿಲ್ಲ ಅನ್ನೋದು ಗಮನಿಸಿ. ಸಿನಿಮಾ ಎರಡು ಗಂಟೆಗಿಂತ ಕಡಿಮೆ, ಅದರಲ್ಲಿ ಪತ್ತೇದಾರಿ ಕಥೆ, ಅಪ್ಪ-ಮಗನ ಕಥೆ, ಕ್ರಾಂತಿ, ರಾಜಕೀಯ ಪಿತೂರಿ, ಸೂರ್ಯನಿಗೇ ಗುರಿ ಇಡೋ ಆಯುಧ, ಹುಡುಗ-ಹುಡುಗಿ. ಆರು ಕಥೆ ಶುರು ಮಾಡಿ ಎಲ್ಲಕ್ಕೂ ಒಂದೇ ಬೆಂಕಿ ಇಟ್ರು. ಯಾವ ಕಥೆಯೂ ತನ್ನ ಕಾಲ ಮೇಲೆ ನಿಲ್ಲಲಿಲ್ಲ ಅನ್ನೋದು ನನ್ನ ದೂರು.

ಅರೆನಿದ್ದೆ

ಅದನ್ನೇ ನಾನು ಒಂದೇ ಸಾಲಲ್ಲಿ ಹೇಳಿದ್ದು, ನಿದ್ದೆ ಬಂತು ಅಂತ.

ಸ್ಯಾಕ್ಸೊಫೋನ್

ಹಾಡಿನ ಮಾತಿಗೆ ಯಾರಾದ್ರೂ ಬರ್ತಾರೆ ಅಂತ ಕಾಯ್ತಿದ್ದೆ. ನಿದ್ದೆಗಣ್ಣಲ್ಲಿ ಕೇಳಿದವರಿಗೆ ಮೊದಲು ಉತ್ತರ: ಹಾಡಿರೋದು ರೇ ಚಾರ್ಲ್ಸ್, 1962ರ ‘ಐ ಕ್ಯಾಂಟ್ ಸ್ಟಾಪ್ ಲವಿಂಗ್ ಯು’. ಹೊಸದಾಗಿ ಹಾಡಿಸಿದ್ದಲ್ಲ, ಆ ಹಳೇ ರೆಕಾರ್ಡಿಂಗೇ.

ಇಡೀ ಚಿತ್ರಕ್ಕೆ ತೊಶಿಯುಕಿ ಹೊಂಡಾ ಕೊಟ್ಟಿರೋ ಸಂಗೀತ ನೋಡಿ. ಭವಿಷ್ಯದ ನಗರ ಅಂದ್ರೆ ಸಿಂಥ್, ಡ್ರಮ್ ಮಷಿನ್, ಲೋಹದ ಸದ್ದು ಅನ್ನೋದು ರೂಢಿ. ಇವರು ಆರಿಸ್ಕೊಂಡಿದ್ದು ಕ್ಲಾರಿನೆಟ್, ಟ್ರಂಪೆಟ್, ಇಪ್ಪತ್ತರ ದಶಕದ ಜಾಝ್. ಕಟ್ಟಡಗಳೂ ಆ ಕಾಲದವೇ, ಕಾರುಗಳೂ ಅದೇ ಥರ, ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ಹಳೇ ಮೂಕಿ ಚಿತ್ರಗಳ ಹಾಗೆ ಕಪ್ಪು ವೃತ್ತ ಮುಚ್ಚಿಕೊಳ್ಳುತ್ತೆ. ಇದು ನಮ್ಮ ಮುಂದಿನ ಕಾಲ ಅಲ್ಲ. ಹಿಂದಿನವರು ಕನಸು ಕಂಡ ಮುಂದಿನ ಕಾಲ. ಆ ಊರಿಗೆ ಆ ಬ್ಯಾಂಡೇ ಸರಿ.

ಇನ್ನು ಆ ಸ್ಫೋಟ. ಹಾಡು ಶುರುವಾದ ಮೇಲೆ ಸ್ಪೀಕರ್‌ಗೆ ಕಿವಿ ಕೊಡಿ. ಕಾಂಕ್ರೀಟ್ ಒಡೆಯೋ ಸದ್ದು, ಬೆಂಕಿ, ಕಿರುಚಾಟ ಎಲ್ಲವೂ ಹಿಂದಕ್ಕೆ ಸರಿದು ಒಬ್ಬ ಮನುಷ್ಯನ ದನಿ ಉಳಿಯುತ್ತೆ. ಅವನು ನಿನ್ನನ್ನ ಮರೆಯೋಕೆ ಆಗ್ತಿಲ್ಲ ಅಂತ ಹಾಡ್ತಿದ್ದಾನೆ, ಎದುರಿಗೆ ಒಂದು ನಾಗರಿಕತೆ ಕುಸೀತಿದೆ. ಮಗಳನ್ನ ಮರೆಯೋಕೆ ಆಗದ ಡ್ಯೂಕ್, ಅಪ್ಪನನ್ನ ಬಿಡೋಕೆ ಆಗದ ರಾಕ್, ಕೈ ಬಿಡದ ಕೆನಿಚಿ, ಮೂವರಿಗೂ ಒಂದೇ ಹಾಡು.

ಇನ್‌ಬಿಟ್ವೀನರ್

ಹಾಡಿನ ಬಗ್ಗೆ ನಮ್ಮ ಕಡೆಯವರಲ್ಲೇ ಎರಡು ಗುಂಪು ಇದೆ. ಕೆಲವರಿಗೆ ಅದು ನಿರ್ದೇಶಕ ಪರದೆ ಹಿಂದಿಂದ ಹೊರಗೆ ಬಂದು ‘ನೋಡಿ, ನಾನೆಷ್ಟು ಜಾಣ’ ಅಂದ ಹಾಗೆ. ಭೀಕರ ದೃಶ್ಯಕ್ಕೆ ಹಿತವಾದ ಹಾಡು ಹಾಕೋದು ಹೊಸದೂ ಅಲ್ಲ. ನಿರ್ದೇಶಕ ಕುಬ್ರಿಕ್ 1964ರಲ್ಲೇ ತಮ್ಮ ಸಿನಿಮಾವನ್ನ ಅಣುಬಾಂಬ್ ಸ್ಫೋಟಗಳ ಮೇಲೆ ಹಳೇ ಪ್ರೇಮಗೀತೆ ಹಾಕಿ ಮುಗಿಸಿದ್ರು.

ನನಗೆ ಅದು ಕೆಲಸ ಮಾಡ್ತು. ಯಾಕೆ ಅಂದ್ರೆ ಕುಬ್ರಿಕ್‌ದು ವ್ಯಂಗ್ಯ, ಇಲ್ಲಿ ವ್ಯಂಗ್ಯ ಇಲ್ಲ. ರಿಂತಾರೊ ಆ ಹಾಡನ್ನ ನಂಬಿದ್ದಾರೆ.

ಕಪ್ಪು ಕನ್ನಡಕ

@ಸ್ಯಾಕ್ಸೊಫೋನ್ ರಾಕ್‌ನ ಹೆಸರು ತಗದ್ರಿ, ನಿಮ್ಮ ಬಾಯಿಗೆ ಸಕ್ಕರಿ.

ಕಥೆ ಬೇಕು

ನನಗೆ ಆ ಹಾಡು ಬಂದಾಗ ನಗು ಬಂತು. ದೃಶ್ಯ ತಾನೇ ಅಳಿಸ್ತಿಲ್ಲ ಅಂತ ಗೊತ್ತಾಗಿ ಹೊರಗಿಂದ ಗಾಯಕರನ್ನ ಕರೆಸಿದ ಹಾಗಾಯ್ತು. ಇರಲಿ, ಇದು ರುಚಿಯ ಪ್ರಶ್ನೆ, ವಾದ ಮಾಡಲ್ಲ.

ರಾತ್ರಿಪಾಳಿ

ತಡವಾಗಿ ಬಂದೆ. ಎರಡು ವಿಷಯ.

‘ಅಕಿರಾ’ ಬಗ್ಗೆ ಯಾರೂ ಯಾಕೆ ಮಾತಾಡ್ತಿಲ್ಲ? 1988ರಲ್ಲಿ ಅದು ಬಂದಾಗಲೂ ಇದೇ ದೂರು. ಕಣ್ಣು ಕೋರೈಸುತ್ತೆ, ಕಥೆ ತಲೆಬುಡ ಇಲ್ಲ. ಅಲ್ಲಾದ್ರೂ ಕಾರಣ ಇತ್ತು, ಒಟೊಮೊ ತಮ್ಮದೇ ಎರಡು ಸಾವಿರ ಪುಟಕ್ಕೂ ಮೀರಿದ ಮಂಗಾವನ್ನ, ಅದೂ ಬರೆದು ಮುಗಿಯೋ ಮೊದಲೇ, ಎರಡು ಗಂಟೆಗೆ ಹಿಂಡಿದ್ರು. ‘ಮೆಟ್ರೊಪೊಲಿಸ್’ ಮಂಗಾ ಅಷ್ಟು ದೊಡ್ಡದೇನಲ್ಲ. ಇಲ್ಲಿ ಒಟೊಮೊ ಹಿಂಡಿಲ್ಲ, ಉಬ್ಬಿಸಿದ್ದಾರೆ. ಎರಡರಲ್ಲೂ ಕೊನೆಗೆ ಊರು ನೆಲಸಮ. ಒಟೊಮೊ ಕೈಗೆ ನಗರ ಕೊಟ್ರೆ ಅದು ವಾಪಸ್ ಬರಲ್ಲ ಅಂತ ನಿರ್ಮಾಪಕರಿಗೆ ಮೊದಲೇ ಗೊತ್ತಿರಬೇಕಿತ್ತು.

ಎರಡನೇದು, ಹೆಸರುಗಳು. ಜಿಗುರಾಟ್ ಅಂದ್ರೆ ಮೆಸೊಪೊಟೇಮಿಯಾದ ಮೆಟ್ಟಿಲು ಗೋಪುರ. ಬ್ಯಾಬಿಲೋನ್‌ನಲ್ಲಿದ್ದ ದೊಡ್ಡ ಜಿಗುರಾಟ್ ಮಾರ್ಡುಕ್ ಅನ್ನೋ ದೇವರಿಗೆ ಕಟ್ಟಿದ್ದು. ಬಾಬೆಲ್ ಗೋಪುರದ ಕಥೆಗೆ ಅದೇ ಮೂಲ ಅಂತ ತುಂಬ ವಿದ್ವಾಂಸರ ಅಭಿಪ್ರಾಯ. ರಾಕ್‌ನ ಪಡೆಯ ಹೆಸರು ಮಾರ್ಡುಕ್. ದೇವರ ಹೆಸರಿನವರೇ ದೇವರ ಗೋಪುರವನ್ನ ಬೀಳಿಸ್ತಾರೆ. ಸುಮ್ಮನೆ ಇಟ್ಟ ಹೆಸರಲ್ಲ.

ಮಳೆಬಿಲ್ಲು

ಇದು ಸೊಗಸಾಗಿದೆ. ಆದ್ರೆ ಹೀಗೆ ಹೊರಗಿಂದ ತಂದು ತುಂಬಿದಾಗಲೇ ಸಿನಿಮಾ ತೂಕ ಆಗೋದು ಅನ್ನಿಸ್ತಿದೆ ನನಗೆ. ಬ್ಯಾಬಿಲೋನ್ ಗೊತ್ತಿರಬೇಕು, ತೆಜುಕಾರ ನಟರ ಕಂಪನಿ ಗೊತ್ತಿರಬೇಕು, ಲಾಂಗ್ ಗೊತ್ತಿರಬೇಕು. ಏನೂ ಗೊತ್ತಿಲ್ಲದೆ ಕೂತವರಿಗೆ?

ತೆರೆಮರೆ

ಏನೂ ಗೊತ್ತಿಲ್ಲದೆ ಕೂತವನೇ ನಾನು. ಪೆರೊ ಸಿಕ್ಕಿತಲ್ಲ.

ನಿಯಾನ್ ನೆರಳು

ಗೊತ್ತಿಲ್ಲದೆ ನೋಡಿ ಮೆಚ್ಚಿದವರು ಹೊರಗೂ ಇದ್ದಾರೆ. ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ಇದಕ್ಕೆ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟಿದ್ರು.

ಕಥೆ ಬೇಕು

ಎಬರ್ಟ್ ಕೊಟ್ಟ ನಕ್ಷತ್ರಕ್ಕೆ ನಾನು ಅಳೋಕಾಗುತ್ತಾ ಸ್ವಾಮಿ?

ಹೊಸ ನೋಡುಗ

ನಮಸ್ಕಾರ ಎಲ್ಲರಿಗೂ. ಸ್ಪಾಯ್ಲರ್ ಅಂತ ಗೊತ್ತಿದ್ದೂ ಪೂರ್ತಿ ಓದಿಬಿಟ್ಟೆ. ಈಗ ನೋಡಬೇಕು ಅನ್ನಿಸಿದೆ. ಅನಿಮೆ ಹೆಚ್ಚು ನೋಡಿದವಳಲ್ಲ ನಾನು. ಮೊದಲು ಮಂಗಾ ಓದಲಾ, ಹಳೇ ಮೂಕಿ ಚಿತ್ರ ನೋಡಲಾ, ನೇರ ಇದಕ್ಕೇ ಕೂರಲಾ?

ಹಳೇ ಪುಟ

ನೇರ ಕೂತುಬಿಡಿ. ಮಂಗಾ ಆಮೇಲೆ ಓದಿ. ಬೇಸರ ಆದ್ರೆ ಓದದೇ ಇದ್ರೂ ನಡೆಯುತ್ತೆ.

ಸ್ಯಾಕ್ಸೊಫೋನ್

ಫೋನಲ್ಲಿ ಬೇಡ. ಸಾಧ್ಯವಾದಷ್ಟು ದೊಡ್ಡ ಪರದೆ, ಇಲ್ಲದಿದ್ರೆ ಒಳ್ಳೆ ಹೆಡ್‌ಫೋನ್ ಆದ್ರೂ ಇರಲಿ. ಜಪಾನಿ ದನಿ, ಸಬ್‌ಟೈಟಲ್.

ಇನ್‌ಬಿಟ್ವೀನರ್

ಸಬ್‌ಟೈಟಲ್ ಓದ್ತಾ ಕೂತ್ರೆ ಹಿಂದಿನ ಜನ ತಪ್ಪಿ ಹೋಗ್ತಾರೆ ಅನ್ನೋದೂ ನಿಜ. ಮೊದಲ ಪಾತಾಳಕ್ಕೆ ಇಳಿಯೋ ಭಾಗವನ್ನ ಮಾತ್ರ ಆಮೇಲೆ ಸದ್ದಿಲ್ಲದೆ ಇನ್ನೊಮ್ಮೆ ಓಡಿಸಿ ನೋಡಿ.

ರಾತ್ರಿಪಾಳಿ

ಮುಖ್ಯವಾದದ್ದು: ಹೆಸರುಗಳು ಓಡೋಕೆ ಶುರುವಾದ ತಕ್ಷಣ ಎದ್ದು ಹೋಗಬೇಡಿ. ಎಲ್ಲ ಮುಗಿದ ಮೇಲೆ ಒಂದು ಫೋಟೊ ಬರುತ್ತೆ. ರೋಬಾಟ್ ಅಂಗಡಿ, ಬೋರ್ಡ್ ಮೇಲೆ ಕೆನಿಚಿ, ಟಿಮಾ ಇಬ್ಬರ ಹೆಸರೂ.

ಮಳೆಬಿಲ್ಲು

ಹೌದಾ?! ನಾನು ಅದನ್ನ ನೋಡೇ ಇಲ್ಲ. ಕಿಟಕಿಯಲ್ಲಿ ಯಾರಾದ್ರೂ ಇದ್ದಾರಾ?

ರಾತ್ರಿಪಾಳಿ

ಇದ್ದಾರೆ. ಅವಳೇ ಅಂತ ನಾನು ಹೇಳ್ತೀನಿ. ಕೆನಿಚಿ ಚೂರುಗಳನ್ನ ಕೂಡಿಸಿ ಮತ್ತೆ ಕಟ್ಟಿದ್ದಾನೆ ಅಂತ ಅರ್ಥ.

ಮಳೆಬಿಲ್ಲು

ಅಂದ್ರೆ ಮತ್ತೆ ಒಬ್ಬ ಹುಡುಗ ತನಗೆ ಬೇಕಾದ ಹಾಗೆ ಅವಳನ್ನ ಕಟ್ಟಿದ. ಡ್ಯೂಕ್ ಮಾಡಿದ್ದೂ ಅದನ್ನೇ ಅಲ್ವಾ? ನೆನಪಲ್ಲಿದ್ದ ಹುಡುಗಿಯ ಮುಖಕ್ಕೆ ಯಂತ್ರ.

ನಿಯಾನ್ ನೆರಳು

ಬೋರ್ಡ್ ಮೇಲೆ ಅವಳ ಹೆಸರೂ ಇದೆಯಲ್ಲ. ಡ್ಯೂಕ್ ಅವಳಿಗೆ ಸಿಂಹಾಸನ ಕೊಟ್ಟ, ಇವನು ಅಂಗಡಿಯಲ್ಲಿ ಪಾಲು ಕೊಟ್ಟಿದ್ದಾನೆ.

ಮಳೆಬಿಲ್ಲು

ಅವಳು ಕೇಳಿದ್ಲಾ?

ಕಪ್ಪು ಕನ್ನಡಕ

ರಾಕ್‌ನ ಹೆಸರಿನ ಬೋರ್ಡ್ ಎಲ್ಲೂ ಇಲ್ಲಂದ್ರ ಇಲ್ಲ.

ಕಥೆ ಬೇಕು

ಇಷ್ಟೆಲ್ಲ ಓದಿದ ಮೇಲೆ ಈ ವಾರ ಇನ್ನೊಮ್ಮೆ ಹಾಕ್ತೀನಿ. ರಾಕ್ ಬಂದ್ರೆ ನೋಡ್ತೀನಿ, ಪೆರೊ ಬಂದ್ರೆ ನೋಡ್ತೀನಿ. ಕೆನಿಚಿ ಬಂದ್ರೆ ಫಾರ್ವರ್ಡ್.

ಅರೆನಿದ್ದೆ

ಎಷ್ಟು ಹೊತ್ತಿಗೆ ಅಂತ ಹೇಳಿ, ನಾನೂ ಹಾಕ್ಕೊಂಡು ಮಲಗ್ತೀನಿ.